ಖಾಲಿ ಡಬ್ಬಿ ಕೊಡದ ಕರಡಿ

ಕದ್ದ ಜೇನಿನ ಡಬ್ಬಿಯನ್ನು ಒಡೆಯನಿಗೆ ಖಾಲಿ ವಾಪಸ್ ಕೊಡಬಹುದೇ? ಗ್ರಾಂಟ್ ಹೊವಿಟ್ 2017ರಲ್ಲಿ ಹೊರತಂದ ‘ಹನಿ ಹೈಸ್ಟ್’ ಎಂಬ, ಒಂದೇ ಪುಟದ ನಿಯಮಗಳ, ಪಾತ್ರವಾಗಿ ಮಾತಿನಲ್ಲೇ ಆಡುವ ಆಟದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಆಡುವವರೆಲ್ಲ ಕರಡಿಗಳು, ಜೇನು ಕದಿಯಬೇಕು, ಅಷ್ಟೇ ಕಥೆ. ಪ್ರತಿ ಕರಡಿಗೂ ಎರಡೇ ಗುಣ: ಕರಡಿತನ ಮತ್ತು ಕಳ್ಳತನ. ಶುರುವಿಗೆ ಎರಡಕ್ಕೂ ಮೂರು ಮೂರು ಅಂಕ. ಆರು ಮುಖದ ದಾಳ ಹಾಕಿದಾಗ ಅಂಕದಷ್ಟೇ ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಕೆಲಸ ಗೆದ್ದಂತೆ. ಕರಡಿಯ ತಲೆಗೆ ಯಾವ ಟೋಪಿ ಎಂಬುದನ್ನೂ ದಾಳವೇ ಹೇಳಬಹುದು. ಊರಿಗೇ ಟೋಪಿ ಹಾಕುವ ಕಸುಬಿನವರಿಗೆ ಅದು ನ್ಯಾಯವೇ. ಈ ಆಟವನ್ನು ನ್ಯೂಜೆರ್ಸಿಯದೋ ಡಾಲಸ್ಸಿನದೋ ಒಂದು ಕನ್ನಡದ ಮನೆಯ ಊಟದ ಮೇಜಿನ ಮೇಲಿಡಿ. ಆಟ ನಡೆಸುವವಳು ಹನ್ನೊಂದು ವರ್ಷದ ಮೊಮ್ಮಗಳು. ಕರಡಿಗಳು ಮೂರು: ಸಾಫ್ಟ್‌ವೇರ್ ಅಪ್ಪ, ಅವನಿಗಿಂತ ಒಂದು ಕೈ ಮೇಲಾದ ಸಾಫ್ಟ್‌ವೇರ್ ಅಮ್ಮ, ಆರು ತಿಂಗಳಿಗೆಂದು ಬಂದಿರುವ ಅಜ್ಜಿ. ಅಜ್ಜಿಯ ಕರಡಿ ಕದಿಯುವುದೇನೋ ಚೆನ್ನಾಗಿಯೇ ಕದಿಯುತ್ತದೆ. ಆದರೆ ಜೇನನ್ನು ತನ್ನ ಪಾತ್ರೆಗೆ ಬಗ್ಗಿಸಿಕೊಂಡು, ಡಬ್ಬಿ ತೊಳೆದು, ಒರೆಸಿ, ತಳಕ್ಕೆ ಒಂದು ಹಿಡಿ ಸಕ್ಕರೆ ಹಾಕಿ, ಕಾವಲುಗಾರ ಏಳುವುದರೊಳಗೆ ಹಿಂದಿರುಗಿಸಲು ಹೊರಡುತ್ತದೆ. ಖಾಲಿ ಪಾತ್ರೆ ಯಾರಿಗೂ ಕೊಡಬಾರದಲ್ಲ!

ಇಲ್ಲಿಂದ ಮುಂದಿನ ಮುಕ್ಕಾಲು ಗಂಟೆ ಏನಾಗುತ್ತದೆಂದು ಹೇಳಲು ಜ್ಯೋತಿಷಿ ಬೇಡ. ಇದು ಕರಡಿತನವೋ ಕಳ್ಳತನವೋ ಎಂದು ಅಪ್ಪ ಪುಟವನ್ನು ತಿರುಗಿಸಿ ನೋಡುತ್ತಾನೆ, ಹಿಂಬದಿ ಬಿಳಿ. ಸಕ್ಕರೆ ಎಲ್ಲಿಂದ ಬಂತು ಎಂದು ಅಮ್ಮ ಕೇಳುತ್ತಾಳೆ. ‘ಬರುವಾಗಲೇ ತಂದಿದ್ದೆ’ ಎನ್ನುತ್ತದೆ ಅಜ್ಜಿಯ ಕರಡಿ. ಸೂಟ್‌ಕೇಸು ತೂಗಿದ ಅನುಭವ ಇರುವವರು ಅದನ್ನು ನಂಬಲೇಬೇಕು. ‘ದಾಳ ಹಾಕು ಅಜ್ಜಿ’ ಎಂದರೆ, ‘ಮರ್ಯಾದೆಗೆ ದಾಳ ಯಾಕೆ ಪುಟ್ಟಿ?’ ಎಂಬ ಉತ್ತರ. ಹಾಗಾದರೆ ‘ಮರ್ಯಾದೆ’ ಎಂಬ ಮೂರನೆಯ ಗುಣ ಸೇರಿಸೋಣ ಎಂದು ಅಪ್ಪ ಲ್ಯಾಪ್‌ಟಾಪು ತೆರೆಯುತ್ತಾನೆ. ಅಪರಿಚಿತರಿಗೆ ಸಕ್ಕರೆ, ಗುರುತಿನವರಿಗೆ ರವೆಉಂಡೆ, ಬೀಗರಾದರೆ ಮೇಲೊಂದು ರವಿಕೆ ಕಣ ಎಂದು ಕಾಲಂಗಳು ಬೆಳೆಯುತ್ತವೆ. ಜೇನಿನ ಒಡೆಯ ಯಾವ ಕಾಲಮ್ಮು? ನಾವೇ ಕದ್ದ ಮನೆ ಎಂದಮೇಲೆ ಗುರುತಿನವರೇ ಎಂದು ಅಜ್ಜಿ ತೀರ್ಪು ಕೊಡುತ್ತಾಳೆ. ಸಕ್ಕರೆ ಸುರಿದು ರವೆಉಂಡೆ ಕಟ್ಟಬೇಕು. ಕಾವಲುಗಾರ ಇನ್ನೂ ಮಲಗಿಯೇ ಇದ್ದಾನೆ, ಪಾಪ. ಅವನಿಗೂ ಎರಡು ಇಡಬೇಕು.

ಇಷ್ಟರಿಂದ ಒಂದು ಮಾತು ಸಾಬೀತಾಗುತ್ತದೆ ಎಂಬುದು ನನ್ನ ವಾದ. ನಿಯಮ ಕಡಿಮೆಯ ಆಟವೆಂದರೆ ನಿಯಮವಿಲ್ಲದ ಆಟವಲ್ಲ. ಬರೆಯದ ನಿಯಮಗಳನ್ನು ಹೊತ್ತು ತಂದವರ ಆಟ. ಅದು ಅಜ್ಜಿಗೂ ಮೊಮ್ಮಗಳಿಗೂ ಸಲೀಸು. ತೊದಲುವುದು ನಡುವಿನ ತಲೆಮಾರು. ವೀಸಾ ಫಾರಂ, ತೆರಿಗೆ ಫಾರಂ, ಶಾಲೆಯ ಫಾರಂ ತುಂಬಿ ತುಂಬಿ, ಬರೆದಿಡದ್ದು ಇಲ್ಲವೇ ಇಲ್ಲ ಎಂದು ನಂಬಿದವರು. ಇವರಿಗೆ ಒಗ್ಗುವುದು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರದಾಟ. ಅದರ 2014ರ ಆಟಗಾರರ ಕೈಪಿಡಿಯೇ 320 ಪುಟ. ಪುಟ ಹೆಚ್ಚಿದಷ್ಟೂ ಜಗಳ ಕಡಿಮೆ ಎಂಬ ಇವರ ನಂಬಿಕೆಯನ್ನು ಪ್ರಷ್ಯಾದ ಸೇನೆ ಯಾವತ್ತೋ ಪರೀಕ್ಷಿಸಿ ನೋಡಿದೆ. 1824ರಲ್ಲಿ ರೈಸ್ವಿಟ್ಸ್ ಎಂಬ ಅಧಿಕಾರಿ ನಕ್ಷೆ, ದಾಳ, ಕೋಷ್ಟಕಗಳ ಯುದ್ಧದಾಟ ಕೊಟ್ಟ. ಲೆಕ್ಕ ಹಾಕಿ ಸಾಕಾದ ಮೇಲೆ 1876ರಲ್ಲಿ ವೆರ್ಡಿ ದು ವೆರ್ನುವಾ ಎಂಬಾತ ಕೋಷ್ಟಕ ಪಕ್ಕಕ್ಕಿಡಿ, ಯುದ್ಧ ಬಲ್ಲ ತೀರ್ಪುಗಾರ ಹೇಳಿದ್ದೇ ಸರಿ ಎಂದ. ಅಂದರೆ ಬಂದೂಕು ಹಿಡಿದವರೂ ಕೊನೆಗೆ ಹೋಗಿ ನಿಂತದ್ದು ಅಜ್ಜಿಯ ಪದ್ಧತಿಗೇ.

ಕನ್ನಡದವರಿಗಂತೂ ಇದನ್ನು ಪ್ರಷ್ಯಾದಿಂದ ತರಿಸಬೇಕಿಲ್ಲ. ಕರಾವಳಿ, ಮಲೆನಾಡುಗಳ ತಾಳಮದ್ದಳೆ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಆಶುವಾಗಿ ಮಾತು ಕಟ್ಟುತ್ತಾರೆ. ವಾಲಿವಧೆಯಲ್ಲಿ ವಾಲಿ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಮರದ ಮರೆಯ ಬಾಣಕ್ಕೆ ಅವನು ರಾಮನನ್ನು ಎಷ್ಟು ಹೊತ್ತು ಪಾಟೀಸವಾಲಿಗೆ ಎಳೆಯುತ್ತಾನೆಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಲು ಜನ ರಾತ್ರಿಯಿಡೀ ಕೂತದ್ದು ಅದಕ್ಕೇ. ಮಾತು ಹಳಿ ತಪ್ಪಿದರೆ ಭಾಗವತರು ಮುಂದಿನ ಪದ್ಯ ಎತ್ತಿದರಾಯಿತು. ಇಂಥ ಆಟ ನಡೆಸುವ ‘ಗೇಮ್ ಮಾಸ್ಟರ್’ ಮಾಡುವ ಕೆಲಸವೂ ಇದೇ, ತಾಳವೊಂದು ಇಲ್ಲ.

ಆಕ್ಷೇಪ ಉಂಟು, ಸಣ್ಣದೂ ಅಲ್ಲ. ಬರೆದ ನಿಯಮವಿಲ್ಲದಿದ್ದರೆ ಗಟ್ಟಿ ಗಂಟಲಿನವರೇ ಗೆಲ್ಲುವುದಿಲ್ಲವೇ? ಗೆಲ್ಲುತ್ತಾರೆ. ಬರೆಯದ ನಿಯಮದ ಬಿಸಿ ಎಂಥದೆಂದು ಯಾವ ಸೊಸೆಯನ್ನಾದರೂ ಕೇಳಿ. ಖಾಲಿ ಡಬ್ಬಿ ಕೊಟ್ಟ ಒಂದು ತಪ್ಪಿಗೆ ಹತ್ತು ವರ್ಷ ಮಾತು ಕೇಳಿದವರಿದ್ದಾರೆ. ಅದಕ್ಕೇ ನಿಯಮ ಸೊನ್ನೆ ಆಗಬಾರದು, ಒಂದು ಪುಟವಾದರೂ ಇರಬೇಕು. ಜಾನ್ ಹಾರ್ಪರ್ ಅವರ ‘ಲೇಸರ್ಸ್ ಅಂಡ್ ಫೀಲಿಂಗ್ಸ್’ ಎಂಬ ಅಂಥ ಒಂದು ಪುಟದ ಆಟದಲ್ಲಿ ಒಬ್ಬ ಪಾತ್ರಧಾರಿಗೆ ಎರಡರಿಂದ ಐದರೊಳಗೆ ಒಂದೇ ಒಂದು ಅಂಕ. ಯಂತ್ರ, ತರ್ಕದ ಕೆಲಸಕ್ಕೆ ದಾಳ ಅದಕ್ಕಿಂತ ಕಡಿಮೆ ಬೀಳಬೇಕು, ಮಾತು, ಮಮತೆಯ ಕೆಲಸಕ್ಕೆ ಹೆಚ್ಚು ಬೀಳಬೇಕು. ಒಂದರಲ್ಲಿ ಜಾಣನಾದಷ್ಟೂ ಇನ್ನೊಂದರಲ್ಲಿ ದಡ್ಡ. ಮೇಲೆ ಹೇಳಿದ ಅಪ್ಪನ ಅಂಕ ಐದು, ಅಜ್ಜಿಯದು ಎರಡು ಎಂದು ಬೇರೆ ಹೇಳಬೇಕೇ? ಆದರೆ ದಾಳ ಮಾತ್ರ ಇಬ್ಬರಿಗೂ ಒಂದೇ. ಆ ಮನೆಯಲ್ಲಿ ಅಜ್ಜಿಗೆ ‘ಇಲ್ಲ’ ಎಂದು ಹೇಳುವ ಧೈರ್ಯವಿರುವುದು ಅದೊಂದಕ್ಕೇ, ‘ಹಾಕು’ ಎಂದು ಹೇಳುವ ಹಕ್ಕು ಮೊಮ್ಮಗಳಿಗೆ.

ಸರಿ, ನಾಲ್ಕು ಜನ ಕೂತರೆ ಆಟ. ಒಬ್ಬರೇ ಕೂತು ದಾಳದ ಜೊತೆ ಮಾತಾಡುವುದು ಎಂಥದು ಎನ್ನುವವರೂ ಇದ್ದಾರೆ. ಶಾನ್ ಟಾಮ್‌ಕಿನ್ ಅವರ ‘ಐರನ್‌ಸ್ವೋರ್ನ್’ ಒಬ್ಬರೇ ಆಡಬಹುದಾದ ಆಟ. ಹೌದೋ ಅಲ್ಲವೋ ಎಂದು ದಾಳವನ್ನು ಕೇಳಬೇಕು; ‘ಬಹುತೇಕ ಖಚಿತ’ ಎಂದುಕೊಂಡದ್ದಕ್ಕೂ ನೂರಕ್ಕೆ ಹತ್ತು ಪಾಲು ‘ಅಲ್ಲ’ ಬೀಳಬಹುದು. ದೇವರ ಬಲಗಡೆಯಿಂದ ಹೂ ಬಿದ್ದರೆ ಹೌದು, ಎಡಗಡೆಯಿಂದ ಬಿದ್ದರೆ ಇಲ್ಲ ಎಂದು ಪ್ರಸಾದ ಕೇಳಿ ಹೆಣ್ಣು-ಗಂಡು, ಹೊಲ-ಮನೆ ನಿಶ್ಚಯಿಸಿದವರು ಇದನ್ನು ನೋಡಿ ನಗುವಂತಿಲ್ಲ. ಮತ್ತೆ, ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಹೊರಟ ಮೇಲೆ ಆ ಅಜ್ಜಿ ಏನು ಮಾಡಬೇಕು? ಹೊರಗೆ ಹಿಮ, ಒಳಗೆ ಹೀಟರಿನ ಗುಂಯ್ ಸದ್ದು, ಊರಿಗೆ ಫೋನು ಮಾಡೋಣವೆಂದರೆ ಅಲ್ಲಿ ಆಗಲೇ ಸಂಜೆ ಮುಗಿಯುವ ಹೊತ್ತು. ಶಾಲೆಯ ಬಸ್ಸು ಬರುವ ತನಕ ಒಂದು ಕರಡಿಯನ್ನು ಕಾಡಿಗೆ ಕರೆದುಕೊಂಡು ಹೋಗಿ ಬಂದರೆ ತಪ್ಪೇನು?

ಆರು ತಿಂಗಳು ಮುಗಿದ ಮೇಲೆ ಸೂಟ್‌ಕೇಸು ಹೊರಡುತ್ತದೆ. ಚಟ್ನಿಪುಡಿ, ಸಾರಿನ ಪುಡಿ ತುಂಬಿಕೊಂಡು ಬಂದದ್ದು, ಖಾಲಿ ಹೋಗುವುದಿಲ್ಲ. ಬಾದಾಮಿ, ಚಾಕೊಲೇಟು, ನೋವಿನ ಮಾತ್ರೆ ತುಂಬುವವರು ಅದೇ ಅಪ್ಪ, ಅದೇ ಅಮ್ಮ, ಯಾವ ಪುಟವನ್ನೂ ನೋಡದೆ. ಚಟ್ನಿಪುಡಿಯ ಡಬ್ಬಿಯನ್ನು ತೊಳೆದು ಒರೆಸಿ ಒಳಗಿಡುವವಳು ಮಾತ್ರ ಮೊಮ್ಮಗಳು. ಅಲ್ಲಾಡಿಸಿದರೆ ಅದರೊಳಗೆ ಸಕ್ಕರೆಯ ಸದ್ದಲ್ಲ, ದಾಳದ ಸದ್ದು.