ಊದುಗೊಳವೆಯ ಸಹವಾಸ

ಟೆಕ್ಸಾಸ್‌ನಲ್ಲಿರುವ ನಮ್ಮಕ್ಕನ ಮಗ ಹಳೆಯ ಟೊಯೋಟಾ ಸುಪ್ರಾ ಟರ್ಬೊ ಕೊಂಡಿದ್ದಾನೆ. 1993ರ ಮಾದರಿ, 3 ಲೀಟರಿನ ಆರು ಸಿಲಿಂಡರು, ಎರಕದ ಕಬ್ಬಿಣದ ಬ್ಲಾಕು. ಕಂಪನಿ ಕೊಟ್ಟ 320 ಕುದುರೆಗಳು ಸಾಲವಂತೆ, 800 ಬೇಕಂತೆ. "ಮಾವ, ದೊಡ್ಡ ಟರ್ಬೊ ಹಾಕ್ತೀನಿ" ಅಂದ.

ಟರ್ಬೊ ಅಂದರೆ ಅಜ್ಜಿಯ ಊದುಗೊಳವೆಯೇ. ಊದೋದು ಮಾತ್ರ ಅಜ್ಜಿಯಲ್ಲ, ಎಂಜಿನ್ ಬಿಟ್ಟ ಹೊಗೆ. ಹೊಗೆ ಚಕ್ರ ತಿರುಗಿಸುತ್ತದೆ, ಚಕ್ರ ಗಾಳಿ ತುರುಕುತ್ತದೆ. ಚಕ್ರ ದೊಡ್ಡದಾದಷ್ಟೂ ಏಳೋದು ತಡ, ಮದುವೆಮನೆಯಲ್ಲಿ ಮಲಗಿದ ದೊಡ್ಡಪ್ಪನ ಹಾಗೆ. ಎದ್ದಮೇಲೆ ಹಿಡಿಯುವವರಿಲ್ಲ! ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚಬೇಕು, ಇಲ್ಲದಿದ್ದರೆ ಪಿಸ್ಟನ್ನಿಗೇ ತೂತು. ಹಾಗಾಗಿ ಫೋರ್ಜ್ಡ್ ಪಿಸ್ಟನ್, ಇಂಜೆಕ್ಟರ್, ಇಂಟರ್‌ಕೂಲರ್, ಕ್ಲಚ್ಚು... ಚೀಟಿ ಹಬ್ಬದ ದಿನಸಿಗಿಂತ ಉದ್ದ.

ಮೊನ್ನೆ ಫೋನ್ ಮಾಡಿದೆ. "ಗಾಡಿ ಎಲ್ಲೋ?"

"ಜಾಕ್ ಮೇಲಿದೆ ಮಾವ. ನಾನು ಬಸ್ಸಲ್ಲಿದ್ದೀನಿ."