ದೂರನಿಯಂತ್ರಣದ ಸಾಮೀಪ್ಯ

ಸರ್ವರ್ ಎಂಬ ಗಣಕದ ಹೊಟ್ಟೆಯಲ್ಲಿ ಇನ್ನೊಂದು ಪುಟ್ಟ ಗಣಕವಿರುತ್ತದೆಂಬುದು, ಅದನ್ನು ನೋಡಿಕೊಳ್ಳಲೆಂದೇ ಸಂಬಳ ಪಡೆಯುವವರನ್ನು ಬಿಟ್ಟರೆ, ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ತಿಳಿದವರಿಗೂ ಅದು ಕೈಕೊಡುವ ತನಕ ನೆನಪಾಗುವುದಿಲ್ಲ. ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್, ಚಿಕ್ಕದಾಗಿ ಬಿಎಂಸಿ, ಎನ್ನಿಸಿಕೊಳ್ಳುವ ಈ ಚಿಪ್ಪು ಸರ್ವರ್ ಆಫ್ ಆಗಿದ್ದಾಗಲೂ ಸ್ಟ್ಯಾಂಡ್‌ಬೈ ವಿದ್ಯುತ್ತಿನಲ್ಲಿ ಎಚ್ಚರವಾಗಿದ್ದು, ದೂರದಲ್ಲಿರುವ ನಿರ್ವಾಹಕನ ಅಪ್ಪಣೆಗೆ ಕಾಯುತ್ತಿರುತ್ತದೆ. ಇದರೊಡನೆ ಮಾತಾಡುವ ರೀತಿನೀತಿಗಳನ್ನು ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಕಂಪನಿಗಳು ಸೇರಿ 1998ರಲ್ಲಿ ಐಪಿಎಂಐ ಎಂಬ ಹೆಸರಿನಲ್ಲಿ ಗೊತ್ತುಮಾಡಿದವು. ಯಾರೂ ಸರ್ವರಿನ ಬಳಿಗೆ ಹೋಗಬೇಕಾಗಿ ಬರಬಾರದೆಂಬುದೇ ಇಷ್ಟೆಲ್ಲ ಏರ್ಪಾಡಿನ ಉದ್ದೇಶ.

ಬಿಎಂಸಿಯ ನೆಟ್‌ವರ್ಕ್ ಸೆಟ್ಟಿಂಗ್ಸ್ ಪುಟದ ಮೊದಲ ಅಂಕಣ ಪೋರ್ಟಿನದು: ಅದಕ್ಕೆ ಪ್ರತ್ಯೇಕ ನೆಟ್‌ವರ್ಕ್ ಪೋರ್ಟ್ ಕೊಡಬಹುದು, ಇಲ್ಲವೇ ಕೇಬಲ್ ಉಳಿಸಲು ಸರ್ವರಿನ ಪೋರ್ಟನ್ನೇ ಹಂಚಬಹುದು. ಹಂಚಿದಾಗ ಊರವರೆಲ್ಲ ಅದನ್ನು ಮಾತಾಡಿಸಬಹುದಾದರೂ, ಅದೇ ಪೆಟ್ಟಿಗೆಯಲ್ಲಿರುವ ಆಪರೇಟಿಂಗ್ ಸಿಸ್ಟಂ ಮಾತ್ರ ಸಾಮಾನ್ಯವಾಗಿ ಆ ತಂತಿಯ ಮೂಲಕ ಅದನ್ನು ತಲುಪಲಾರದು, ಪಾಲಾದ ಮೇಲೆ ಒಂದೇ ಜಗಲಿಯಲ್ಲಿ ಕುಳಿತೂ ಮಾತಾಡದ ಅಣ್ಣತಮ್ಮಂದಿರ ಹಾಗೆ. ಮುಂದಿನ ಅಂಕಣಗಳು ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ. ಕೊನೆಗೆ ವಿಲ್ಯಾನ್, ಎಂದರೆ ಒಂದೇ ಸ್ವಿಚ್ಚಿನೊಳಗಿನ ಸಂಚಾರವನ್ನು ಬೇರೆಬೇರೆ ಕೇರಿಗಳಾಗಿ ಒಡೆಯುವ ಸಂಖ್ಯೆ. ಜಯನಗರದ ಮನೆಯಲ್ಲಿ ಕುಳಿತ ನಿರ್ವಾಹಕನು ವೈಟ್‌ಫೀಲ್ಡಿನ ಡೇಟಾ ಸೆಂಟರಿನಲ್ಲಿರುವ ಸರ್ವರಿಗೆ 101ರ ಬದಲು 110 ಎಂದು ಬರೆದು ‘ಅಪ್ಲೈ’ ಒತ್ತಿದ ಮರುಕ್ಷಣದಿಂದ ಈ ಶಾಸ್ತ್ರದ ಅತ್ಯಂತ ರಸವತ್ತಾದ ಅಧ್ಯಾಯ ಆರಂಭವಾಗುತ್ತದೆ. ಪರದೆಯ ಮೇಲೆ ಚಕ್ರವೊಂದು ತಿರುಗುತ್ತದೆ. ಯಂತ್ರ ಯೋಚಿಸುತ್ತಿರಬೇಕೆಂದು ಅವನು ಗೌರವದಿಂದ ಕಾಯುತ್ತಾನೆ. ಚಕ್ರ ನಿಲ್ಲದಿದ್ದಾಗ ಪುಟವನ್ನು ರಿಫ್ರೆಶ್ ಮಾಡುತ್ತಾನೆ, ಬ್ರೌಸರ್ ಬದಲಿಸುತ್ತಾನೆ, ವಿಪಿಎನ್ ಕಡಿದು ಮತ್ತೆ ಜೋಡಿಸುತ್ತಾನೆ, ಏನೂ ಅರಿಯದ ಮನೆಯ ರೌಟರನ್ನು ಆರಿಸಿ ಹೊತ್ತಿಸಿ ಒಳಕೋಣೆಯಲ್ಲಿ ಧಾರಾವಾಹಿ ನೋಡುತ್ತಿದ್ದವರಿಂದ ಬೈಸಿಕೊಳ್ಳುತ್ತಾನೆ, ಪಿಂಗ್ ಆದೇಶವನ್ನು ಹರಿಯಬಿಟ್ಟು ಸಾಲುಸಾಲಾಗಿ ಬರುವ ‘ಟೈಮ್ಡ್ ಔಟ್’ಗಳ ನಡುವೆ ಒಂದಾದರೂ ಬೇರೆಯಾಗಿರಬಹುದೇ ಎಂದು ಓದುತ್ತಾನೆ. ಇಷ್ಟು ಹೊತ್ತೂ ಬಿಎಂಸಿಯ ವರ್ತನೆ ನಿಷ್ಕಳಂಕವಾಗಿದೆ. ಹೇಳಿದ ಸಂಖ್ಯೆಯ ಕೇರಿಗೆ ಹೋಗಿ, ಅಲ್ಲಿ ಕರೆಗೆ ಓಗೊಡಲು ಸಿದ್ಧವಾಗಿ ನಿಂತಿದೆ.

ಅಲರ್ಟ್ ಎಂಬ ಮುನ್ನೆಚ್ಚರಿಕೆಯ ವ್ಯವಸ್ಥೆ ಇರುವುದೇ ಇಂಥ ಹೊತ್ತಿಗಲ್ಲವೇ ಎಂದು ಕೇಳಬಹುದು. ನಿಜ, ಆದರೆ ತಾನು ಕಾಣೆಯಾಗಿದ್ದೇನೆಂದು ಮೇಲ್ ಕಳುಹಿಸಲು ಬೇಕಾದ ದಾರಿಯೇ ಬಿಎಂಸಿಗೆ ಕಾಣೆಯಾಗಿರುತ್ತದೆ. ಎಸ್‌ಎನ್‌ಎಂಪಿ ಟ್ರ್ಯಾಪ್ ಎಂಬ ಇನ್ನೊಂದು ಬಗೆಯ ಎಚ್ಚರಿಕೆ ಸಾಮಾನ್ಯವಾಗಿ ಯುಡಿಪಿ 162ನೇ ಪೋರ್ಟಿಗೆ ಹೋಗುತ್ತದೆ, ತಲುಪಿತೇ ಎಂದು ಹಿಂತಿರುಗಿ ವಿಚಾರಿಸುವ ಪದ್ಧತಿ ಅದಕ್ಕಿಲ್ಲ. ದಾರಿ ಸರಿಯಿದ್ದಾಗಿನ ಕಷ್ಟ ಬೇರೆ: ‘ಎಲ್ಲ ಅಲರ್ಟೂ ಬರಲಿ’ ಎಂದು ಸಭೆಯಲ್ಲಿ ಅಪ್ಪಣೆ ಕೊಡಿಸುವ ಹಿರಿಯ ಅಧಿಕಾರಿಗಳು, ಯಾರೋ ಲಾಗಿನ್ ಆದದ್ದಕ್ಕೂ ಮೇಲ್ ಬರತೊಡಗಿದಾಗ, ಅವೆಲ್ಲವನ್ನೂ ತಾವೆಂದೂ ತೆರೆಯದ ಫೋಲ್ಡರಿಗೆ ತಿರುಗಿಸಿ, ಪವರ್ ಸಪ್ಲೈ ಸುಟ್ಟ ದಿನ ‘ನನಗೇಕೆ ತಿಳಿಸಲಿಲ್ಲ’ ಎಂದು ಗುಡುಗುತ್ತಾರೆ. ಅಲರ್ಟ್ ಪುಟದ ಇಷ್ಟೊಂದು ಚೌಕಗಳಿಗೆ ಗುರುತು ಹಾಕಿಸುವವರೇ ಪಾಸ್‌ವರ್ಡನ್ನು ಮಾತ್ರ ಕಾರ್ಖಾನೆಯಿಂದ ಬಂದಂತೆಯೇ ಬಿಡುವುದುಂಟು; ಡೆಲ್‌ನ ಬಿಎಂಸಿಯಾದ ಐಡ್ರ್ಯಾಕ್‌ನ ಹಳೆಯ ಪೀಳಿಗೆಗಳಲ್ಲಿ ಅದು ‘ಕ್ಯಾಲ್ವಿನ್’ ಎಂಬುದು ಲೋಕಕ್ಕೇ ಗೊತ್ತು. ಐಪಿಎಂಐ 2.0, ಬಂದವರ ಗುರುತು ಖಾತ್ರಿಯಾಗುವ ಮೊದಲೇ ಪಾಸ್‌ವರ್ಡಿನ ಹ್ಯಾಶನ್ನು, ಎಂದರೆ ಪಾಸ್‌ವರ್ಡಿನಿಂದ ಗಣಿಸಿ ತೆಗೆದ ಸಂಕೇತವನ್ನು, ಕೊಟ್ಟುಬಿಡುತ್ತದೆಂದು ಭದ್ರತಾ ತಜ್ಞ ಡ್ಯಾನ್ ಫಾರ್ಮರ್ 2013ರಲ್ಲಿ ಜಾಹೀರುಮಾಡಿದರು. ಬಿಎಂಸಿ ಪರರ ವಶವಾದರೆ ಅದರ ಮೇಲಿನ ಆಪರೇಟಿಂಗ್ ಸಿಸ್ಟಂನ ಕಾವಲಿಗೆ ಬೆಲೆಯಿಲ್ಲ; ಆ ಸರ್ವರಿನಲ್ಲಿ ಆಸ್ಪತ್ರೆಯ ದಾಖಲೆಗಳಿದ್ದರೆ ಇದು ನಗುವ ಮಾತಲ್ಲ.

ಜಯನಗರದ ನಿರ್ವಾಹಕನ ಮುಂದೆ ಈಗ ಎರಡು ಹಾದಿಗಳಿವೆ: ಸಿಲ್ಕ್ ಬೋರ್ಡ್ ದಾಟಿ ವೈಟ್‌ಫೀಲ್ಡಿಗೆ ಹೋಗುವುದು, ಅಥವಾ ಡೇಟಾ ಸೆಂಟರಿನವರು ‘ರಿಮೋಟ್ ಹ್ಯಾಂಡ್ಸ್’ ಎಂದು ಕರೆದು ಗಂಟೆಯ ಲೆಕ್ಕದಲ್ಲಿ ಬಿಲ್ ಮಾಡುವ ಸೇವೆಯನ್ನು ಕೋರುವುದು, ಎಂದರೆ ಸ್ವೆಟರ್ ತೊಟ್ಟ ರಾತ್ರಿಪಾಳಿಯ ತಂತ್ರಜ್ಞರೊಬ್ಬರು ಮಾನಿಟರು, ಕೀಬೋರ್ಡುಗಳಿರುವ ತಳ್ಳುಗಾಡಿಯನ್ನು ಉರುಳಿಸಿಕೊಂಡು ಸರ್ವರಿನ ಬಳಿಗೆ ನಡೆದುಹೋಗುವುದು. ಮೂರನೆಯ ಹಾದಿಯೊಂದು ಇದ್ದೇ ಇದೆ: ಮುಂಬಾಗಿಲ ತಂತಿಯಲ್ಲಿ ಮಾತು ಬಿಟ್ಟಿರುವ ಆಪರೇಟಿಂಗ್ ಸಿಸ್ಟಂಗೂ ಬಿಎಂಸಿಗೂ ನಡುವೆ ಮದರ್‌ಬೋರ್ಡಿನಲ್ಲಿಯೇ ಒಂದು ಹಿಂಬಾಗಿಲಿದ್ದು, ಸರ್ವರಿಗೆ ಎಂದಿನಂತೆ ಲಾಗಿನ್ ಆಗಿ ಐಪಿಎಂಐಟೂಲ್ ಎಂಬ ತಂತ್ರಾಂಶದಲ್ಲಿ ಒಂದು ಸಾಲು ಬರೆದರೆ 110 ಮತ್ತೆ 101 ಆಗುತ್ತದೆ. ಈ ಸಾಲು ನೆನಪಿಗೆ ಬರುವುದು, ಅನುಭವಸ್ಥರೆಲ್ಲರೂ ಒಪ್ಪುವಂತೆ, ತಳ್ಳುಗಾಡಿ ಹೊರಟ ನಂತರ. ಹೊರಟ ತಳ್ಳುಗಾಡಿಗೆ ಬಾಡಿಗೆ ತಪ್ಪುವುದಿಲ್ಲ.