29 ಅಕ್ಷರದ ಥೂ

ನಮ್ಮ ಬೀದಿಯ ಹಿರಿಯರೊಬ್ಬರಿಗೆ ಬೆಳಗಿನ ಕಾಫಿ ಜೊತೆ ಇಂಗ್ಲಿಷ್ ಪತ್ರಿಕೆ ಬೇಕು. ಸುದ್ದಿ ಯಾರಿಗೆ ಬೇಕು? ಅವರು ಪದ ಹೆಕ್ಕುತ್ತಾರೆ. ರಸ್ತೆ ಗುಂಡಿಗೆ ಬಿದ್ದು ಯಾರೋ ಸತ್ತರು ಎಂಬ ವರದಿಯಿಂದ ನೋಟ್‌ಬುಕ್ಕಿಗೆ ಇಳಿದದ್ದು ‘ಇಗ್ನಾಮಿನಿ’. ಸಿನಿಮಾ ವಿಮರ್ಶೆ ಓದಿ ‘ಬಿಲ್ಡುಂಗ್ಸ್‌ರೋಮಾನ್’ ಎತ್ತಿಕೊಂಡರು. ಸಿನಿಮಾ ನೋಡಲಿಲ್ಲ.

ಆಮೇಲೆ ಪಾರ್ಕಿಗೆ ಬಂದು ನಮ್ಮ ಮೇಲೆ ಪ್ರಯೋಗ.

‘ಕರ್ಫಫಲ್ ಅಂದ್ರೆ ಗೊತ್ತಾ ಸಾರ್?’

ಗೊತ್ತು ಸ್ವಾಮಿ. ರಂಪ. ರಾದ್ಧಾಂತ. ರಗಳೆ. ನಮ್ಮಲ್ಲಿ ಒಂದಕ್ಕೆ ಮೂರಿವೆ, ಕೇಳುವವರಿಲ್ಲ.

ಈ ಜಾಡ್ಯಕ್ಕೆ ಕುಲದೈವ ಶಶಿ ತರೂರ್. 2018ರ ಅಕ್ಟೋಬರಿನಲ್ಲಿ ತಮ್ಮ ಪುಸ್ತಕದ ಪ್ರಚಾರಕ್ಕೆಂದು ಟ್ವಿಟರಿನಲ್ಲಿ ಒಂದು ಪದ ಎಸೆದರು: ಫ್ಲಾಕ್ಸಿನಾಸಿನೈಹಿಲಿಪಿಲಿಫಿಕೇಶನ್. ಇಂಗ್ಲಿಷಿನಲ್ಲಿ 29 ಅಕ್ಷರ. ದೇಶವೆಲ್ಲ ನಿಘಂಟು ತೆರೆಯಿತು. ಪುಸ್ತಕ ತೆರೆದವರ ಲೆಕ್ಕ ಕೇಳಬೇಡಿ.

ಅರ್ಥ ಇಷ್ಟೇ: ಯಾವುದನ್ನೋ ಕವಡೆ ಕಿಮ್ಮತ್ತಿಲ್ಲವೆಂದು ತಳ್ಳಿಹಾಕುವುದು. ನಮ್ಮಜ್ಜಿ ಇದನ್ನು ‘ಥೂ’ ಅಂತ ಒಂದೇ ಅಕ್ಷರದಲ್ಲಿ ಮುಗಿಸುತ್ತಿದ್ದಳು. ಎದುರಿದ್ದವನಿಗೆ ನಿಘಂಟು ಬೇಕಾಗುತ್ತಿರಲಿಲ್ಲ.

ನಮ್ಮ ಹಿರಿಯರಿಗೆ ಆ 29 ಅಕ್ಷರ ಬಾಯಿಪಾಠ. ಮೊನ್ನೆ ತರಕಾರಿ ಗಾಡಿಯ ಹೆಂಗಸು ‘ಎಂಬತ್ತೈದು ಆಯ್ತಣ್ಣ’ ಅಂದಳು. ಮೊಮ್ಮಗ ತಾತನ ಮುಖ ನೋಡಿದ. ತಾತ ಹೆಮ್ಮೆಯಿಂದ ಅನುವಾದಿಸಿದರು: ‘ಎಯ್ಟಿ ಫೈವ್, ಪುಟ್ಟಾ.’

ತರೂರರ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಪದ ಗೊತ್ತು. ಮನೆಯಲ್ಲಿ ಕನ್ನಡಕ್ಕೆ ಮಾಡುತ್ತಿರುವುದು ಅದನ್ನೇ ಅಂತ ಮಾತ್ರ ಗೊತ್ತಿಲ್ಲ.

ಇದೆಲ್ಲ ನಡೆಯುವುದು ಬೆಂಗಳೂರಿನ ಬಸವೇಶ್ವರನಗರದಲ್ಲಿ. ಪಂಡಿತರ ಸಂಸ್ಕೃತವನ್ನು ಪಕ್ಕಕ್ಕಿಟ್ಟು, 12ನೇ ಶತಮಾನದಲ್ಲೇ ಜನರಾಡುವ ಮಾತಿನಲ್ಲಿ ವಚನ ಹೇಳಿದವರ ಹೆಸರಿನ ಬಡಾವಣೆ ಇದು. ಇಲ್ಲಿನ ರಸ್ತೆಯೊಂದಕ್ಕೆ ಸಿದ್ಧಯ್ಯ ಪುರಾಣಿಕರ ಹೆಸರಿದೆ. ಯಾರು ಅವರು ಅಂತ ನಮ್ಮ ಹಿರಿಯರನ್ನು ಕೇಳಿದೆ.

‘ಯಾರೋ ಪೊಲಿಟಿಷಿಯನ್ ಇರಬೇಕು.’

ಕವಿ. ‘ಕಾವ್ಯಾನಂದ’ ಎಂಬ ಹೆಸರಿನಲ್ಲಿ ಬರೆದವರು. ಐಎಎಸ್ ಅಧಿಕಾರಿಯೂ ಆಗಿದ್ದರು. ನಮ್ಮ ಹಿರಿಯರ ವಾಕಿಂಗ್ ದಿನಾ ಆ ರಸ್ತೆಯ ಬೋರ್ಡಿನ ಮುಂದೆಯೇ.

ಪತ್ರಿಕೆ ಓದಿ ಪದ ಕಲಿಯುವುದು ಪಾಪವೇನಲ್ಲ. 1991ರಿಂದ ಸುಮಾರು 18 ವರ್ಷ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಬರೆದರು. ಓದುಗರು ಪದ ಹಿಡಿದು ಬರುತ್ತಿದ್ದರು, ಅವರು ಅದರ ಬೇರು ಹುಡುಕಿ ಕೊಡುತ್ತಿದ್ದರು. 2021ರ ಏಪ್ರಿಲ್‌ನಲ್ಲಿ, 107ರ ವಯಸ್ಸಿನಲ್ಲಿ ತೀರಿಕೊಂಡರು. ಆ ಸುದ್ದಿಯಿಂದ ನಮ್ಮ ಹಿರಿಯರು ಹೆಕ್ಕಿದ್ದು ಒಂದೇ ಪದ: ‘ಲೆಕ್ಸಿಕೋಗ್ರಾಫರ್’.

ನೋಟ್‌ಬುಕ್ಕಿನಲ್ಲಿ ಇನ್ನೂ ಖಾಲಿ ಹಾಳೆಗಳಿವೆಯಂತೆ. ಸ್ವಾಮಿ, ಒಂದು ಹಾಳೆ ಹರಿದು ‘ಎಂಬತ್ತೈದು’ ಅಂತ ಬರೆದು ಮೊಮ್ಮಗನ ಕೈಗೆ ಕೊಡಿ.